ಬೀಗರಿಗೆ ಹಂಪಿ ತೋರಿಸೋಕೆ ಮುಂಚೆ

॥ ಶ್ರೀ ಪಂಪಾವಿರೂಪಾಕ್ಷ ಪ್ರಸನ್ನ ॥

ಯಶವಂತನಗರ
ತಾ. 4-12-2007, ಮಂಗಳವಾರ

ಪ್ರೀತಿಯ ಮೈದುನ ಚಿರಂಜೀವಿ ಶಂಭುಲಿಂಗನಿಗೆ ನಿನ್ನ ಅತ್ತಿಗೆಮ್ಮ ಹಂಪಮ್ಮ ಮನಸಾರೆ ಮಾಡುವ ಆಶೀರ್ವಾದ.

ನೀನು ಹೆಂಗಿದ್ದೀ? ಈ ಮಾತು ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಆದರೂ ಕೇಳ್ತೀನಿ. ಲಾರಿ ಹನುಮಣ್ಣ ದೀಪಾವಳಿ ಮುಂದೆ ಬಂದರಿಗೆ ಅದಿರು ಹಾಕಿ ಬಂದವನು ನಮ್ಮ ಕಟ್ಟೆ ಮೇಲೆ ಕೂತು ನೀರು ಕುಡೀತಾ, 'ಯಕ್ಕಾ, ನಿಮ್ಮ ಶಂಭುನ್ನ ನೋಡಿದೆ, ಅಂಕೋಲದ ಹತ್ರ ಪಂಚರ್ ಅಂಗಡ್ಯಾಗ ಅದಾನ, ಗಡ್ಡ ಬೆಳ್ಳಗಾಗೇತಿ, ಭಾಳ ಕೆಮ್ತಾನ' ಅಂದ. ನಾನು ಹಿಟ್ಟು ನಾದ್ತಾ ಇದ್ದೆ, ಕೈ ಹಿಟ್ಟಿನಲ್ಲೇ ನಿಂತಿತು. ನಲವತ್ತೊಂದು ವರ್ಷಕ್ಕೇ ಗಡ್ಡ ಬೆಳ್ಳಗಾಗುತ್ತಾ? ನಿನಗೆ ಸಣ್ಣವನಿದ್ದಾಗಿಂದ ಎದೆ ಮೆತ್ತಗೆ. ತವುಡು ಬಿಸಿ ಮಾಡಿ ಗಂಟು ಕಟ್ಟಿ ನಿನ್ನ ಬೆನ್ನಿಗೆ ಒತ್ತುತ್ತಿದ್ದದ್ದು ನಾನೇ. ಸಮುದ್ರದ ಗಾಳಿಗೆ ಸಂಜೆ ಆದ ಮೇಲೆ ತಲೆ ಬಿಟ್ಟುಕೊಂಡು ಕೂಡಬ್ಯಾಡ. ಹಸಿಶುಂಠಿ, ಬೆಲ್ಲ ಜಜ್ಜಿ ಬಾಯಲ್ಲಿ ಇಟ್ಟುಕೋ. ಅನ್ನ ಯಾರು ಮಾಡಿಹಾಕ್ತಾರೆ ಅಂತ ಕೇಳಿದೆ, ಹನುಮಣ್ಣನಿಗೆ ಗೊತ್ತಿರಲಿಲ್ಲ.

ಇಲ್ಲಿ ಅತ್ತೆಗೆ ಎಪ್ಪತ್ತೆಂಟು ತುಂಬಿತು. ಎಡಗಣ್ಣು ಪೂರಾ ಹೋಯಿತು, ಬಲಗಣ್ಣಲ್ಲಿ ನೆರಳು ಕಾಣುತ್ತೆ. ಅತ್ತೆಯ ಬಾಯಿ ಮಾತ್ರ ಮೊದಲಿನಷ್ಟೇ ಚುರುಕು, ಪಲ್ಯಕ್ಕೆ ಉಪ್ಪು ಕಡಿಮೆ ಆದರೆ ಬೀದಿಗೆ ಕೇಳಿಸ್ತದೆ. ನಮ್ಮ ಸ್ಫೂರ್ತಿಗೆ ಮದುವೆ ಗೊತ್ತಾಗಿದೆ, ಬಾದಾಮಿಗೆ ಕೊಡ್ತಾ ಇದ್ದೀವಿ, ಸಂಕ್ರಾಂತಿ ಆದ ಮೇಲೆ ಮುಹೂರ್ತ. ಮೂರು ವರ್ಷದ ಹುಡುಗಿಯನ್ನ ಹೆಗಲ ಮೇಲೆ ಹೊತ್ತು ಸಂಡೂರು ಸಂತೆ ತಿರುಗಿಸಿದವನು ನೀನು. 'ಚಿಕ್ಕಪ್ಪ ಇಲ್ಲದ ಮದುವೆ ಏನ್ ಮದುವೆಯವ್ವಾ' ಅಂತ ಅವಳು ಒಂದೇ ಸಲ ಅಂದಳು, ಮತ್ತೆ ಅನ್ನಲಿಲ್ಲ. ಅನ್ನದೇ ಇರೋದು ನನಗೆ ಇನ್ನೂ ಕಷ್ಟ ಆಯಿತು.

ಇಷ್ಟು ವರ್ಷ ಬರೆಯದವಳು ಈಗ ಯಾಕೆ ಬರೀತಾಳೆ ಅಂತ ನೀನು ಅಂದುಕೊಳ್ತೀ. ಮೊನ್ನೆ ಶನಿವಾರ ನಾನೊಂದು ನೋಡಿದೆ ತಮ್ಮಾ. ಆವತ್ತಿನಿಂದ ಲಿಂಗಪೂಜೆಗೆ ಕೂತರೆ ವಿಭೂತಿ ಹಚ್ಚಿಕೊಂಡೆನೋ ಇಲ್ಲವೋ ಅನ್ನೋದೇ ನೆನಪಿರಲ್ಲ. ನೇರ ಹೇಳಿಬಿಟ್ಟರೆ ನೀನು ನಂಬಲ್ಲ, ನಾನೇ ಇನ್ನೂ ನಂಬಿಲ್ಲ. ನಡೆದದ್ದು ನಡೆದ ಹಾಗೆ ಹೇಳ್ತೀನಿ. ಹನುಮಣ್ಣನ ಲಾರಿ ಇವತ್ತು ಸಂಜೆ ಬಿಡುತ್ತೆ, ಈ ಕಾಗದ ಅವನ ಕೈಯಲ್ಲೇ ಕೊಡ್ತೀನಿ.

ಹಿಂದಿನದು ನಿನಗೆ ನೆನಪು ಮಾಡಿಕೊಡೋದು ಬೇಕಿಲ್ಲ, ನನಗೆ ನಾನೇ ಹೇಳಿಕೊಳ್ಳಬೇಕು. ಗುಡ್ಡದ ಹೊಲದ ಮೂಲೆಯಲ್ಲಿ ನಮ್ಮ ಮಾಸ್ತಮ್ಮ ನಿಂತಿದ್ದಳಲ್ಲ. ಒಂದು ಕಲ್ಲುಕಂಬ, ಅದರಿಂದ ಮೇಲಕ್ಕೆ ಎತ್ತಿದ ಒಂದು ತೋಳು, ತೋಳಿನ ತುಂಬಾ ಕೆತ್ತಿದ ಬಳೆ, ಅಂಗೈಯಲ್ಲಿ ನಿಂಬೆಹಣ್ಣು. ಗಂಡನ ಜೊತೆ ಬೆಂಕಿಗೆ ಬಿದ್ದ ಯಾವ ಕಾಲದ ಹೆಣ್ಣುಮಗಳೋ, ನಮ್ಮ ಮನೆಗೆ ದೇವರಾದಳು. ಸೊಸೆ ಬಂದರೂ, ಮಗಳು ಹೋದರೂ ಮೊದಲು ಆಕೆಗೆ ಒಂದು ಡಜನ್ ಹಸಿರು ಬಳೆ ದಾರಕ್ಕೆ ಪೋಣಿಸಿ ಏರಿಸಬೇಕು. ನಾಗರಪಂಚಮಿ ಮರುದಿನವೂ ಹಂಗೇ. ಗಣಿಯವರು ಆ ಹೊಲ ಕೇಳುವಾಗ ಅತ್ತೆ, 'ಅಮ್ಮ ನಿಂತಿರೋ ತನಕ ಅಲ್ಲಿ ಮಿಷಿನ್ ಇಳಿಯಂಗಿಲ್ಲ' ಅಂತ ಒಂದೇ ಮಾತಲ್ಲಿ ಮುಗಿಸಿದ್ದರು. ಅದೇ ವರ್ಷ ಯುಗಾದಿ ಆದ ಮೇಲೆ ನೀನು ಹೊಸಪೇಟೆಯಿಂದ ಇಬ್ಬರನ್ನ ಜೀಪಿನಲ್ಲಿ ಕರಕೊಂಡು ಬಂದೆ. ಅವರು ಅಮ್ಮನ ಫೋಟೋ ಹಿಡಿದರು, ಟೇಪು ಇಟ್ಟು ಎತ್ತರ ಅಳೆದರು, ಒಂದು ಚೀಟಿ ಕೊಟ್ಟು ಹೋದರು. 'ಹಳೇ ಕಲ್ಲು ಬರಕೊಳ್ಳೋ ಸರ್ಕಾರದೋರು ಅತ್ತಿಗೆಮ್ಮ' ಅಂತ ನೀನು ಅಂದೆ. ಹತ್ತು ದಿನಕ್ಕೆ ನಾವು ಹೆಂಗಸರೆಲ್ಲ ಕಂಪ್ಲಿಗೆ ನನ್ನ ತವರಿನ ಗೃಹಪ್ರವೇಶಕ್ಕೆ ಹೋದೆವು. ನೀನು ಹೊಸಪೇಟೆಯಲ್ಲಿ ಆಟೋ ಓಡಿಸ್ತಾ ಇದ್ದೆ. ಮೂರು ದಿನ ಬಿಟ್ಟು ಬಂದು ನೋಡಿದರೆ ಅಮ್ಮ ನಿಂತ ಜಾಗದಲ್ಲಿ ಒಂದು ಗುಂಡಿ, ಗುಂಡಿ ತುಂಬಾ ಹಳೇ ಬಳೆ ಚೂರು.

ಚಾವಡಿಯಲ್ಲಿ ಎಲ್ಲರೂ ಕೂತಾಗ ಜೀಪು, ಕ್ಯಾಮೆರಾ, ಟೇಪು ಅಂತ ಹೇಳಿದವಳು ನಾನು. ಕಂಡದ್ದನ್ನೇ ಹೇಳಿದೆ, ಒಂದಕ್ಷರ ಸುಳ್ಳಿಲ್ಲ. 'ಹಂಗಾದ್ರ ಅವನೇ ಮಾರ್ಯಾನ' ಅಂತ ಯಾರೋ ಹಿಂದಿನಿಂದ ಅಂದರು. ಆಗ ಬಾಯಿ ತೆರೀಬೇಕಿತ್ತು, ಮುಚ್ಚಿಕೊಂಡೆ. ನಿನ್ನ ಪರ ಯಾರೂ ಒಂದು ಮಾತು ಆಡಲಿಲ್ಲ. 'ಕಲ್ಲು ವಾಪಸ್ ಬರೋ ತನಕ ನೀನು ನನ್ನ ಹೊಸ್ತಿಲು ತುಳೀಬ್ಯಾಡ' ಅಂತ ಅತ್ತೆ ಆಣೆ ಇಟ್ಟರು. ಆವತ್ತು ಮಧ್ಯಾಹ್ನ ನೀನು ಊಟಕ್ಕೆ ಕೂತಿದ್ದೆ, ಒಂದು ರೊಟ್ಟಿ ಮುರಿದಿದ್ದೆ. ನಾನು ಬಂದು ನಿನ್ನ ಮುಂದಿನ ತಾಟು ಎತ್ತಿದೆ. ಹೊಡೆದವರನ್ನಾದರೂ ಮರೀಬಹುದು, ತಾಟು ಎತ್ತಿದವರನ್ನ ಯಾರು ಮರೀತಾರೆ. ನಿನ್ನ ಅಣ್ಣ ನಿನ್ನ ಪಕ್ಕದಲ್ಲೇ ಕೂತಿದ್ದರು, ತಲೆ ತಗ್ಗಿಸಿಕೊಂಡು ಉಣ್ತಾನೇ ಇದ್ದರು. ಗಂಡಸರಿಗೆ ದುಃಖ ಆದರೆ ಹಿಂಗೇ ಉಣ್ತಾರೇನೋ ಅಂತ ನಾನು ಅಂದುಕೊಂಡೆ. ನೀನು ಕೈ ತೊಳೆದು ಹೊರಟೆ. ತಿಂಗಳೊಳಗೆ ಹೊಲಕ್ಕೆ ಮಿಷಿನ್ ಇಳಿಯಿತು. ಕಲ್ಲೇ ಇಲ್ಲದ ಮೇಲೆ ತಡೆಯೋರು ಯಾರು.

ಈಗ ಹಂಪಿ ಸುದ್ದಿಗೆ ಬರ್ತೀನಿ. ನಿಶ್ಚಿತಾರ್ಥಕ್ಕೆ ಬಾದಾಮಿಗೆ ಹೋದಾಗ ನಮ್ಮ ಬೀಗರು, ಅವರು ಹೈಸ್ಕೂಲ್ ಮಾಸ್ತರು, ಊಟ ಆದ ಮೇಲೆ ನಮ್ಮನ್ನ ಗುಹೆ, ಕೆರೆ, ಗುಡಿ ಎಲ್ಲಾ ತೋರಿಸಿದರು. 'ಇದು ಚಾಲುಕ್ಯರ ರಾಜಧಾನಿ' ಅಂತ ಒಂದೊಂದು ಮೆಟ್ಟಿಲಿಗೂ ಒಂದೊಂದು ಕಥೆ. ಇಳಿದು ಬಂದ ಮೇಲೆ ಎಲ್ಲರ ಮುಂದೆ, 'ಇನ್ನ ನಿಮ್ಮ ಸರದಿರಿ ಬೀಗತ್ಯಾರ. ವಿಜಯನಗರದ ರಾಜಧಾನಿ ನೀವು ತೋರಸಬೇಕು. ಹೆಸರೇ ಹಂಪಮ್ಮ ಅಂತ ಇಟಗೊಂಡೀರಿ, ನಮಗ ಗೈಡ್ ಯಾಕ್ರಿ?' ಅಂದುಬಿಟ್ಟರು. ನಾನು ಎಲ್ಲರ ಜೊತೆ ನಕ್ಕೆ. ಐವತ್ತು ವರ್ಷ ಹಂಪಿಯ ಮಗ್ಗುಲಲ್ಲೇ ಬಾಳಿ ನಾನು ಹಂಪಿ ನೋಡಿಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಕಂಪ್ಲಿಯಿಂದ ನಮ್ಮ ಅಜ್ಜಿ ವರ್ಷಕ್ಕೊಂದು ಸಲ ಚಕ್ಕಡಿ ಕಟ್ಟಿಸಿ ಕರಕೊಂಡು ಹೋಗ್ತಿದ್ದಳು. ಹೊಳೆಯಲ್ಲಿ ಮುಳುಗು, ವಿರೂಪಾಕ್ಷನಿಗೆ ಕೈ ಮುಗಿ, ಬುತ್ತಿ ಉಣ್ಣು, ವಾಪಸು. ಆಚೆ ಏನಿದೆ ಅಂದರೆ, 'ದೇವರು ಇಲ್ಲೇ ಅದಾನ, ಆಚೆ ಬರೇ ಹಾಳು ಗ್ವಾಡಿ' ಅಂತಿದ್ದಳು. ನಮಗೆ ಹಂಪಿ ಅಂದರೆ ದೇವರು. ರಾಜರದ್ದೂ ಅಂತ ಯಾರು ಯೋಚನೆ ಮಾಡಿದ್ದರು.

ಬೀಗರು ಎಂಟನೇ ತಾರೀಖು ಬರ್ತೀವಿ ಅಂದಿದ್ದರು. ಎರಡನೇ ಶನಿವಾರ, ಅವರಿಗೆ ರಜೆ. ಮರುದಿನ ಅಮಾವಾಸ್ಯೆ ಇದೆ, ಮದುವೆ ಗೊತ್ತಾದವರು ಅಮಾವಾಸ್ಯೆ ಹಿಡಿದು ತಿರುಗಬಾರದು ಅಂತ ಹೇಳಿ ಹದಿನೈದು, ಹದಿನಾರಕ್ಕೆ ಹಾಕಿಸಿದೆ. ಖರೇ ಹೇಳಬೇಕಂದರೆ ನನಗೂ ಒಂದು ವಾರ ಹೆಚ್ಚಿಗೆ ಬೇಕಿತ್ತು. ಮುಂಚೆ ಒಂದು ಸಲ ನಾನೇ ಹೋಗಿ ನೋಡಿ, ಯಾವುದಾದ ಮೇಲೆ ಯಾವುದು ತೋರಿಸಬೇಕು, ನೆರಳು ಎಲ್ಲಿ, ನೀರು ಎಲ್ಲಿ, ಬೀಗತಿಗೆ ಮೊಣಕಾಲು ನೋವು, ಎಷ್ಟು ಮೆಟ್ಟಿಲು, ಹೆಂಗಸರು ಹೋಗೋಕೆ ಜಾಗ ಎಲ್ಲಿ ಎಲ್ಲಾ ಬರಕೊಂಡು ಬರೋಣ ಅಂತ ಸ್ಫೂರ್ತಿಯ ಹಳೇ ನೋಟ್‌ಬುಕ್ಕು ತೆಗೆದಿಟ್ಟೆ. ನಮ್ಮ ಬೀದಿಯಲ್ಲಿ ಹಂಪಿ ನೋಡಿದವರು ಯಾರು ಅಂತ ಕೇಳುತ್ತಾ ಹೋದರೆ ಒಬ್ಬರೂ ಇಲ್ಲ. ಬಿಹಾರದಿಂದ ಬಂದ ಮಿಷಿನ್ ಆಪರೇಟರ್ ಒಬ್ಬ ಮಾತ್ರ ನೋಡಿದ್ದ. ಅತ್ತೆಯನ್ನೂ ಬರ್ರಿ ಅಂತ ಕರೆದೆ. 'ಹಾಳೂರು ನೋಡಾಕ ಅಷ್ಟು ದೂರ ಯಾಕ ಹೋಗಲಿ, ನಮ್ಮೂರೇ ಹಾಳಾಗೇತಲ್ಲ' ಅಂದರು. ನಿನ್ನ ಅಣ್ಣನಿಗೆ ಹೇಳಿದೆ. ಅವರು ಅರ್ಧ ಬೆರಳಿನ ಬಲಗೈಯಿಂದ ಶರ್ಟಿನ ಕೆಂಪು ಧೂಳು ಒದರ್ತಾ, 'ಆನೆ ಲಾಯ ತೋರಸು, ಕಲ್ಲಿನ ತೇರು ತೋರಸು, ಸಾಕು. ಆ ಮ್ಯೂಸಿಯಂ ಗೀಸಿಯಂ ಬ್ಯಾಡ, ಬರೇ ಒಡದ ಕಲ್ಲು' ಅಂದರು. ಹಂಪಿಯಲ್ಲಿ ಮ್ಯೂಸಿಯಂ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ ಶಂಭು. ನಾನು ಆ ಮಾತೇ ಎತ್ತಿರಲಿಲ್ಲ. ಆವತ್ತು ನನಗೆ ಹೊಳೀಲಿಲ್ಲ.

ಶನಿವಾರ ಪಕ್ಕದ ಮನೆ ದುರ್ಗಕ್ಕನ್ನ ಜೊತೆ ಮಾಡಿಕೊಂಡು ಮೊದಲ ಬಸ್ಸಿಗೆ ಹೊರಟೆ. ಹೊಸಪೇಟೆ ಮುಟ್ಟೋ ಹೊತ್ತಿಗೆ ಲಾರಿಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡು ಇಬ್ಬರ ಸೆರಗೂ ಕೆಂಪಾಗಿತ್ತು. ಕಮಲಾಪುರದಲ್ಲಿ ಇಳಿದು ಆಟೋದವನಿಗೆ ಎಲ್ಲಾ ತೋರಿಸಪ್ಪಾ ಅಂದೆ. ಏನು ಹೇಳಲಿ. ರಾಣಿ ಸ್ನಾನ ಮಾಡೋ ಮನೆ ನಮ್ಮ ಇಡೀ ಓಣಿಯಷ್ಟಿದೆ. ಆನೆಗಳಿಗೆ ಒಂದೊಂದಕ್ಕೆ ಒಂದೊಂದು ಗುಮ್ಮಟ. ರಾಜ ಕೂತು ದಸರಾ ನೋಡುತ್ತಿದ್ದ ದಿಬ್ಬ ಹತ್ತಿ ನಿಂತರೆ ಸುತ್ತಲೂ ಊರೇ ಊರು, ಒಂದು ಮನೆಗೂ ಮಾಡು ಇಲ್ಲ. ಇಷ್ಟು ಜನ ಎಲ್ಲಿ ಹೋದರು, ಒಲೆ ಮೇಲಿನ ಗಡಿಗೆ ಹಂಗೇ ಬಿಟ್ಟು ಹೋದರೇನೋ ಅಂದುಕೊಂಡೆ. ದುರ್ಗಕ್ಕ ಮಾತ್ರ ಮೊದಲಿನಿಂದಲೂ ಒಂದೇ ರಾಗ. 'ಈ ಕಲ್ಲು ನೋಡಾಕ ಬಸ್ ಹತ್ತಿ ಬರಬೇಕೇನವ್ವಾ, ನಮ್ಮ ಮನಿ ಮುಂದ ದಿನಾ ಲಾರಿಗಟ್ಟಲೆ ಕಲ್ಲು ಹೋಗ್ತಾವ, ಕಟ್ಟಿ ಮ್ಯಾಲ ಕುಂತು ನೋಡಬೌದು' ಅಂತ. ನಾನು ನೋಟ್‌ಬುಕ್ಕಿನಲ್ಲಿ ಬರಕೊಳ್ತಾ ಹೋದೆ. ಸಾಸಿವೆಕಾಳು ಗಣಪ, ನರಸಿಂಹ, ನೀರಲ್ಲೇ ಕೂತ ಬಡವಿಲಿಂಗ, ಅಲ್ಲಿ ಬೇವಿನ ನೆರಳು ಇದೆ, ಇಲ್ಲಿ ಮೆಟ್ಟಿಲು ಕಡಿದಾಗಿದೆ, ಬೀಗತಿ ಕೆಳಗೇ ಕೂಡಲಿ. ಭಾಳ ಖುಷಿಯಲ್ಲಿದ್ದೆ. ಆ ಖುಷಿ ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

ಮೂರು ಗಂಟೆಗೆ ಕಮಲಾಪುರಕ್ಕೆ ವಾಪಸು ಬಂದೆವು. ಬಸ್ಸಿಗೆ ಇನ್ನೂ ಹೊತ್ತಿತ್ತು. ದುರ್ಗಕ್ಕನ ಕಾಲು ಊದಿತ್ತು. ಆಟೋದವನು, 'ಮ್ಯೂಸಿಯಂ ಒಳಗ ನೆರಳೈತಿ, ನಳ ಐತಿ, ಕುಂದ್ರಿ ಹೋಗ್ರಿ' ಅಂತ ಬಾಗಿಲಲ್ಲಿ ಇಳಿಸಿದ. ದುರ್ಗಕ್ಕ ನಳದ ಹತ್ರ ಕೂತಳು. ಬೀಗತಿಗೆ ಕೂಡೋಕೆ ಈ ಜಾಗ ಒಳ್ಳೇದು ಅಂತ ಬರಕೊಂಡು ನಾನು ಸುಮ್ಮನೆ ಅಂಗಳದಲ್ಲಿ ನಡೆದೆ. ಗೋಡೆಗುಂಟ ಕಲ್ಲುಗಳನ್ನ ಸಾಲಾಗಿ ನಿಲ್ಲಿಸಿದ್ದರು. ಕುದುರೆ ಮೇಲಿನ ವೀರರು, ನಾಗರಕಲ್ಲು, ಮುಖ ಇಲ್ಲದ ದೇವರು. ಕೊನೆಯಲ್ಲಿ ಒಂದು ತೋಳು.

ಮಾಸ್ತಿಕಲ್ಲು ಊರಿಗೊಂದು ಇರುತ್ತೆ, ತೋಳು ಎಲ್ಲದಕ್ಕೂ ಇರುತ್ತೆ ಅಂತ ನನಗೂ ಗೊತ್ತು. ಕೈ ಮುಗಿದು ಮುಂದೆ ಹೋಗೋಳಿದ್ದೆ. ಕಣ್ಣು ಕೆಳಗೆ ಹೋಯಿತು. ಪೀಠದ ಬಲಮೂಲೆಯಲ್ಲಿ ವೀಳ್ಯದೆಲೆಯಷ್ಟು ಚೂರು ಹಾರಿತ್ತು. ಆ ಚೂರು ಹಾರಿಸಿದವಳು ನಾನು ಶಂಭು. ನಿನಗೆ ನೆನಪಿದೆಯಾ? ಹದಿನೆಂಟು ವರ್ಷದವಳು, ಮದುಮಗಳು. ಕಾಯಿ ಒಡೆಯೋ ಗುಂಡು ಪಕ್ಕದಲ್ಲಿದ್ದರೂ ಕಾಣದೆ ಅಮ್ಮನ ಪೀಠಕ್ಕೇ ಎರಡೂ ಕೈಯಲ್ಲಿ ಕುಕ್ಕಿದೆ. ಕಾಯಿ ಒಡೀಲಿಲ್ಲ, ಕಲ್ಲು ಒಡೀತು. ಅತ್ತೆ ಹಿಂದೆ ಬರ್ತಾ ಇದ್ದರು. ನೀನು ಹತ್ತು ವರ್ಷದವನು, ಆ ಚೂರನ್ನ ಚಡ್ಡಿ ಜೇಬಿಗೆ ಹಾಕಿಕೊಂಡು, 'ಅಂಜಬ್ಯಾಡ ಅತ್ತಿಗೆಮ್ಮ, ನಾನು ಕಲ್ಲು ಒಗದೆ ಅಂತ ಹೇಳ್ತೀನಿ' ಅಂದೆ. ಹಂಗೇ ಹೇಳಿದೆ. ಬೆನ್ನಿಗೆ ನಾಲ್ಕು ಏಟು ತಿಂದೆ. ನಾನು ಆವತ್ತೂ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಎರಡು ಸಲ ಬಾಯಿ ಮುಚ್ಚಿಕೊಂಡೆ, ಎರಡು ಸಲವೂ ಹೊಡೆತ ನಿನಗೇ ಬಿತ್ತು.

ಪಕ್ಕದಲ್ಲಿ ಚೀಟಿ ಇತ್ತು: ಮಾಸ್ತಿಕಲ್ಲು, ಹದಿನೈದನೇ ಶತಮಾನ, ಸಂಡೂರು ತಾಲ್ಲೂಕು. ಅಲ್ಲೇ ಅಮ್ಮನ ಮುಂದೆ ಕೂತೆ. ಕುಂಕುಮದ ಡಬ್ಬಿ ಸೊಂಟದಲ್ಲೇ ಇತ್ತಲ್ಲ, ಮ್ಯೂಸಿಯಂ ಗೀಸಿಯಂ ನೆನಪಿಗೆ ಬರಲಿಲ್ಲ, ಅಮ್ಮನ ಅಂಗೈಗೆ ಹಚ್ಚಿಬಿಟ್ಟೆ. 'ಏ ಯಮ್ಮಾ, ಮುಟ್ಟಬ್ಯಾಡ್ರಿ, ಸರ್ಕಾರದ್ದು ಅದು' ಅಂತ ಕಾವಲುಗಾರ ಓಡಿ ಬಂದ. ಜಂಬಪ್ಪ ಅಂತ, ಕಮಲಾಪುರದವನೇ, ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು. ನಾನು ಅಳೋದು ನೋಡಿ ಬೈಯೋದು ಬಿಟ್ಟ. ಇದು ನಮ್ಮ ಮನೆದೇವರು ಅಂದೆ. ಅವನು ತಲೆ ಕೆರಕೊಂಡು, 'ಹಂಗಾದ್ರ ನೀವು ಆ ಯಜಮಾನರ ಕಡೇರೇನು' ಅಂದ. ಯಾವ ಯಜಮಾನರು ಅಂದೆ. ವರ್ಷಕ್ಕೊಂದು ಸಲ, ಪಂಚಮಿ ಮರುದಿನ, ಒಬ್ಬರು ಪೇಪರಿನಲ್ಲಿ ಒಂದು ಡಜನ್ ಹಸಿರು ಬಳೆ ಸುತ್ತಿಕೊಂಡು ಬರ್ತಾರಂತೆ. ಕಲ್ಲಿಗೆ ಏರಿಸೋಕೆ ಇವನು ಬಿಡಲ್ಲ. ಮುಂದೆ ಇಟ್ಟು ಒಂದು ತಾಸು ಕೂತು, ಏಳುವಾಗ ಬಳೆ ಇವನ ಕೈಗೇ ಕೊಟ್ಟು ಹೋಗ್ತಾರಂತೆ. 'ನನಗ ಮೂರು ಹೆಣ್ಣುಮಕ್ಕಳ್ರೀ, ಐದು ವರ್ಷ ಆತು ಪಂಚಮಿ ಬಳಿ ಕೊಂಡಿಲ್ಲ' ಅಂತ ನಕ್ಕ.

ನನ್ನ ಎದೆಯಲ್ಲಿ ಒಂದೇ ಮಾತು ಬಂತು: ಶಂಭು. ಮಾರಿದವನು ಪಾಪ ತೊಳಕೊಳ್ಳೋಕೆ ಬರ್ತಾನೆ ಅಂತ. ನೋಡು, ಆ ಗಳಿಗೆಯಲ್ಲೂ ನಿನ್ನನ್ನೇ ಕಳ್ಳ ಅಂದುಕೊಂಡೆ. ಆಮೇಲೆ ಅವನು ಅಂದ, 'ನನಗ ತಿನ್ನಾಕ ಎಳ್ಳುಂಡಿ ತಂದುಕೊಡ್ತಾರ. ಮಸ್ತ್ ಇರ್ತಾವ. ಯಾಲಕ್ಕಿ ಅಷ್ಟು ಜಾಸ್ತಿ.' ಶಂಭು, ನನ್ನ ಉಂಡೆಗೆ ಏಲಕ್ಕಿ ಜಾಸ್ತಿ ಅಂತ ಅತ್ತೆ ಮೂವತ್ತೊಂದು ವರ್ಷದಿಂದ ಅಂತಾ ಇದ್ದಾರೆ. ನಾನು ಮೆಲ್ಲಗೆ, ಆ ಯಜಮಾನರು ನೋಡೋಕೆ ಹೆಂಗಿದ್ದಾರೆ ಅಂದೆ. ಅವನು ತನ್ನ ಬಲಗೈ ತೋರುಬೆರಳನ್ನ ಅರ್ಧಕ್ಕೆ ಮಡಚಿ ತೋರಿಸಿದ. 'ಇದು ಇಷ್ಟೇ ಐತಿ, ಕ್ರಷರ್‌ನ್ಯಾಗ ಹೋತಂತ.'

ನಿನ್ನ ಅಣ್ಣ ಐದು ವರ್ಷದಿಂದ ಪಂಚಮಿ ಮರುದಿನ ಹೊಸಪೇಟೆಗೆ ಎದೆ ತೋರಿಸೋಕೆ ಹೋಗ್ತಾರೆ. ಧೂಳು ಕುಡಿದ ಎದೆ, ವರ್ಷಕ್ಕೊಮ್ಮೆ ಫೋಟೋ ಹಿಡಿಸಬೇಕು ಅಂತ. ಹಸಿವಾದೀತು ಅಂತ ಉಂಡೆ ಕಟ್ಟಿಕೊಡೋಳು ನಾನೇ. ಕಲ್ಲನ್ನ ಇಲ್ಲಿಗೆ ತಂದುಕೊಟ್ಟವರೂ ಅವರೇ ಅಂತ ಜಂಬಪ್ಪ ಹೇಳಿದ. ಮೊದಲು ಇಬ್ಬರು ಜೀಪಿನಲ್ಲಿ ಬಂದು ಫೋಟೋ ಹಿಡಿದಿದ್ದರಲ್ಲ, ಅವರು ಕೊಟ್ಟ ಚೀಟಿ ಹಿಡಕೊಂಡು ಬಂದು, 'ಹೊಲ ಗಣಿಗೆ ಕೊಟ್ಟೀನಿ, ಮಿಷಿನ್ ಬಂದ್ರ ಅಮ್ಮನ್ನ ಪುಡಿ ಮಾಡ್ತಾವ, ಒಯ್ಯರಿ' ಅಂದರಂತೆ. ನಾವು ಕಂಪ್ಲಿಯಲ್ಲಿ ಹೋಳಿಗೆ ಉಣ್ತಾ ಇದ್ದ ದಿನ. ಅಮ್ಮನ್ನ ಉಳಿಸಿದ್ದೂ ಅವರೇ, ನಿನ್ನನ್ನ ಕಳಕೊಂಡದ್ದೂ ಅವರೇ. ಮನೆಯಲ್ಲಿ ಹೇಳಿದ್ದೀರೇನು ಅಂತ ಜಂಬಪ್ಪ ಒಂದು ಸಲ ಕೇಳಿದನಂತೆ. 'ಆವತ್ತೇ ಹೇಳಬೇಕಾಗಿತ್ತು. ಒಂದಿನ ತಡ ಆತು, ಆಮ್ಯಾಲ ಬಾಯಿಗೆ ಬರಲಿಲ್ಲ' ಅಂದರಂತೆ.

ದುರ್ಗಕ್ಕ ನನಗೆ ಬಿಸಿಲು ಬಡೀತು ಅಂ​ತ ತಿಳಿದು ಬಸ್ಸಿನಲ್ಲಿ ಈರುಳ್ಳಿ ಮೂಸಿಸುತ್ತಾ ಬಂದಳು. ಮನೆಗೆ ಬಂದರೆ ನಿನ್ನ ಅಣ್ಣ ಕಟ್ಟೆ ಮೇಲೆ ಕೂತಿದ್ದರು. 'ಹೆಂಗಿತ್ತು ಹಂಪಿ?' ಅಂದರು. ಭಾಳ ದೊಡ್ಡದು ಅಂದೆ. ಇನ್ನೇನು ಅನ್ನಬೇಕಿತ್ತು. ಊಟಕ್ಕೆ ಬಡಿಸಿದೆ, ಅವರು ಆ ಅರ್ಧ ಬೆರಳಿನಿಂದ ರೊಟ್ಟಿ ಮುರಿಯೋದನ್ನ ನೋಡುತ್ತಾ ಕೂತೆ. ನಮ್ಮಲ್ಲಿ ಬ್ಲಾಸ್ಟಿಂಗ್ ಹೊತ್ತಿಗೆ ಸೈರನ್ ಕೂಗುತ್ತೆ, ನಾವು ಕಪಾಟಿನ ಗಾಜಿನ ಲೋಟ ಎಲ್ಲಾ ಕೆಳಗೆ ಇಳಿಸಿ ಇಟ್ಟುಕೊಂಡು ಕಾಯ್ತೀವಲ್ಲ, ಮೂರು ದಿನದಿಂದ ನಾನು ಹಂಗೇ ಇದ್ದೀನಿ. ಸದ್ದು ಇನ್ನೂ ಬಂದಿಲ್ಲ. ಕೆಟ್ಟವರಲ್ಲ ಅವರು, ಅದೇ ನನಗೆ ತಿಳೀತಿಲ್ಲ. ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು. ಅಮ್ಮನಿಗೆ ವರ್ಷಾ ಬಳೆ ಒಯ್ಯೋ ಮನುಷ್ಯ, ಒಡಹುಟ್ಟಿದ ತಮ್ಮನ್ನ ಊರೆಲ್ಲ ಕಳ್ಳ ಅನ್ನುವಾಗ ತಲೆ ತಗ್ಗಿಸಿ ಹೆಂಗೆ ಉಂಡರು? ನಾನಾದರೂ ತಾಟು ಎತ್ತುವ ಮುಂಚೆ ಅವರ ಮುಖ ಒಂದು ಸಲ ಯಾಕೆ ನೋಡಲಿಲ್ಲ? ಹಂಪಿ ಪಕ್ಕದಲ್ಲೇ ಇದ್ದು ಹಂಪಿ ನೋಡಲಿಲ್ಲ ಅಂತ ನಾಚಿಕೊಂಡಿದ್ದೆ. ಪಕ್ಕದಲ್ಲೇ ಕೂತ ಗಂಡನ್ನೂ ನೋಡಿರಲಿಲ್ಲ ನೋಡು.

ನಿನ್ನೆ ನೋಟ್‌ಬುಕ್ಕಿನ ಹಾಳೆ ಹರಿದು ಹೊಸದಾಗಿ ಬರೆದೆ. ಶನಿವಾರ ಬೀಗರಿಗೆ ವಿರೂಪಾಕ್ಷನ ದರ್ಶನ, ಗಣಪ, ನರಸಿಂಹ, ಸಂಜೆಗೆ ಕಲ್ಲಿನ ತೇರು. ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಮೊದಲು ಮ್ಯೂಸಿಯಂ. ಆನೆ ಲಾಯ ಆಮೇಲೆ, ಹೊತ್ತು ಉಳಿದರೆ. ಅತ್ತೆಯನ್ನ ಹೆಂಗಾದರೂ ಕರಕೊಂಡು ಹೋಗ್ತೀನಿ. ಕಣ್ಣು ಕಾಣದಿದ್ದರೇನು, ಆ ಪೀಠದ ಮೂಲೆ ಬೆರಳಿಗೆ ಸಿಕ್ಕರೆ ಅವರಿಗೆ ಗೊತ್ತಾಗುತ್ತೆ. ಕಲ್ಲು ವಾಪಸ್ ಬರೋ ತನಕ ಅಂತ ತಾನೇ ಆಣೆ ಇಟ್ಟದ್ದು. ಕಲ್ಲು ಬರಲ್ಲ, ನಾವೇ ಹೋಗೋಣ. ಸ್ಫೂರ್ತಿಯ ಮದುವೆ ಬಳೆಯನ್ನೂ ಅಲ್ಲೇ ಅಮ್ಮನ ಮುಂದೆ ಇಡಿಸ್ತೀನಿ, ಜಂಬಪ್ಪ ಬೈದರೆ ಬೈಯಲಿ. ನಿನ್ನ ಅಣ್ಣನಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಅನ್ನೋದು ಮಾತ್ರ ಈ ಗಳಿಗೆಗೂ ತೋಚಿಲ್ಲ. ನೀನು ಬಾ ಅಂತ ಬರೆಯೋ ಧೈರ್ಯವೂ ನನಗಿಲ್ಲ. ತಪ್ಪಾಯಿತು ಅನ್ನೋ ಮಾತು ಇಷ್ಟು ವರ್ಷದ್ದಕ್ಕೆ ಸಾಲಲ್ಲ, ಆದರೂ ಬರೀತೀನಿ. ನನ್ನದು ತಪ್ಪಾಯಿತು ತಮ್ಮಾ.

ಹನುಮಣ್ಣನ ಕೈಯಲ್ಲಿ ಹತ್ತು ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಉಣ್ಣೆ ಮಫ್ಲರ್ ಕಳಿಸಿದ್ದೀನಿ. ಎದೆ ಬೆಚ್ಚಗೆ ಇಟ್ಟುಕೋ. ಮಾಸ್ತಮ್ಮ ಎತ್ತಿದ ಕೈ ನಿನ್ನ ತಲೆ ಮೇಲಿರಲಿ, ವಿರೂಪಾಕ್ಷ ನಿನ್ನ ಹಾದಿ ಕಾಯಲಿ.

ಇಂತಿ, ನಿನ್ನ ತಾಟು ಎತ್ತಿದ ಅತ್ತಿಗೆಮ್ಮ,
ಹಂಪಮ್ಮ

ತಾ.ಕ.: ಹನುಮಣ್ಣ ಹಾರ್ನ್ ಹೊಡೀತಿದ್ದಾನೆ, ಅವಸರದಲ್ಲಿ ಬರೀತಿದ್ದೀನಿ, ಅಕ್ಷರ ಸೊಟ್ಟಾದರೆ ಕೂಡಿಸಿಕೊಂಡು ಓದು. ಸಹಿ ಹಾಕೋ ಹೊತ್ತಿಗೆ ನಿನ್ನ ಅಣ್ಣ ಶಿಫ್ಟು ಮುಗಿಸಿ ಬಂದರು. 'ಯಾರಿಗೆ ಕಾಗದ' ಅಂದರು. ಶಂಭುಗೆ ಅಂದೆ. ಕೂಡ್ರಿ ಅಂತ ಹೇಳಿ ಇಷ್ಟನ್ನೂ ಮೊದಲಿನಿಂದ ಓದಿ ಹೇಳಿದೆ. ಏಲಕ್ಕಿ ಮಾತಿಗೆ ಬಂದಾಗ ಟೊಪ್ಪಿಗೆ ತೆಗೆದು ತೊಡೆ ಮೇಲೆ ಇಟ್ಟುಕೊಂಡರು. ಮುಗಿದ ಮೇಲೆ, 'ಬೀಗರ ಮುಂದ ಬ್ಯಾಡ ಕಣೇ' ಅಂದರು. ಅವನನ್ನ ಊರ ಮುಂದೆ ಕಳ್ಳ ಅಂದ್ವಿ, ಬೀಗರು ಊರಿಗಿಂತ ದೊಡ್ಡವರಾ ಅಂದೆ. ಮದುವೆಯಾದ ಮೇಲೆ ಅವರಿಗೆ ಎದುರು ಮಾತಾಡಿದ್ದು ಇದೇ ಮೊದಲು. ಅವರು ಟೊಪ್ಪಿಗೆ ಕೆಳಗಿಟ್ಟು ಈಗ ಎದ್ದು ಒಳಗೆ ಅತ್ತೆಯ ಹತ್ರ ಹೋದರು. 'ಅವ್ವಾ' ಅಂದರು. ಇನ್ನೊಂದು ಸಲ 'ಅವ್ವಾ' ಅಂದರು. ಅವರು ಹೇಳಲಿ, ಬಿಡಲಿ, ನೀನು ಬಾ. ಹದಿನಾರನೇ ತಾರೀಖು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ, ಕಮಲಾಪುರದ ಮ್ಯೂಸಿಯಂ ಬಾಗಿಲು. ನಿನ್ನ ತಾಟು ನಾನು ಯಾರಿಗೂ ಇಟ್ಟಿಲ್ಲ, ಬುತ್ತಿ ಜೊತೆ ತರ್ತೀನಿ. ಅವರು ಹೇಳದಿದ್ದರೆ ಅಲ್ಲಿ ನಾನು ಹೇಳ್ತೀನಿ, ಈ ಸಲ ಬಾಯಿ ಮುಚ್ಚಲ್ಲ. ಹನುಮಣ್ಣ ಕಾಗದಕ್ಕೆ ಕೈ ಚಾಚಿದ್ದಾನೆ. ತಡಿ, ಒಳಗಿಂದ ಅತ್ತೆಯ ದನಿ ಕೇಳಿಸ್ತಿದೆ. 'ಯಾವ ಕಲ್ಲು, ದೊಡ್ಡಬಸಾ?' ಅಂತ ನಿನ್ನ ಅಣ್ಣನ್ನ ಕೇಳ್ತಿದ್ದಾರೆ.